ಸಿಎಸ್‌ವಿ ಸಾಕಾ, ಜೇಸನ್ ಬೇಕಾ?

ರಾಯಚೂರು ಎಪಿಎಂಸಿಯ ಹತ್ತಿ ದರವನ್ನು ದಿನಾ ಫೈಲ್‌ನಲ್ಲಿ ಬರೆದಿಡಬೇಕು ಅಂದುಕೊಳ್ಳಿ. ದಿನಾಂಕ, ತಳಿ, ಕನಿಷ್ಠ, ಗರಿಷ್ಠ ಇಷ್ಟೇ ಆದರೆ ಸಿಎಸ್‌ವಿ, ಅಂದರೆ ಕಾಲಂಗಳ ನಡುವೆ ಕಾಮಾ ಹಾಕಿ ಬರೆಯುವ ಸರಳ ಪಠ್ಯ ಫೈಲ್, ಸಾಕು. ಎಕ್ಸೆಲ್‌ನಲ್ಲೂ ತೆರೆಯುತ್ತದೆ. ಕಾಟ ಶುರುವಾಗುವುದು ಕೋಡ್‌ನಲ್ಲಿ ಓದುವಾಗ. ದರವನ್ನು 7,500 ಅಂತ ಬರೆದು ಅದರ ಎರಡೂ ಬದಿ ಕೋಟ್ (" ಚಿಹ್ನೆ) ಹಾಕದಿದ್ದರೆ ಅದು ಎರಡು ಕಾಲಂ ಆಗಿ ಒಡೆಯುತ್ತದೆ. ಕೋಟ್ ಹಾಕಿದ್ದರೂ, ಸುಮ್ನೆ ಕಾಮಾ ನೋಡಿ ಸ್ಪ್ಲಿಟ್ ಮಾಡಿದರೆ ಅದೇ ಗತಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇರುವ ಸಿಎಸ್‌ವಿ ಮಾಡ್ಯೂಲ್ ಬಳಸಿ. ಅದು ಸಾಮಾನ್ಯವಾಗಿ ಎಲ್ಲವನ್ನೂ ಪಠ್ಯವಾಗಿಯೇ ಕೊಡುತ್ತದೆ, ಸಂಖ್ಯೆ ಮಾಡಿಕೊಳ್ಳುವ ಕೆಲಸ ನಿಮ್ಮದು. ಇನ್ನು ಯುಟಿಎಫ್-8 (ಕನ್ನಡದಂಥ ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ವಿಧಾನ) ಫೈಲ್‌ನ ಶುರುವಿನಲ್ಲಿ ಅದನ್ನು ಗುರುತಿಸುವ ಬಿಒಎಂ ಅನ್ನುವ ಗುರುತು ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ‘ಸಿಂಧನೂರು’ ವಿಚಿತ್ರ ಅಕ್ಷರಗಳಾಗಿ ಕಾಣಬಹುದು.

ಜೇಸನ್ ಅಂದರೆ ಪ್ರತಿ ಮಾಹಿತಿಗೂ ಹೆಸರು ಕೊಟ್ಟು, ಒಂದರೊಳಗೆ ಒಂದು ಸೇರಿಸಿ ಬರೆಯಬಹುದಾದ ಪಠ್ಯ ಫೈಲ್. ಅದರಲ್ಲಿ ಕೋಟ್ ಹಾಕದ ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತದೆ. ಒಬ್ಬ ರೈತನ ಹೆಸರಿನಡಿ ಹಲವು ಲಾಟ್, ಒಂದೊಂದಕ್ಕೂ ಬೇರೆ ತೂಕ, ಬೇರೆ ತೇವಾಂಶ ಇದ್ದರೆ ಇದೇ ಸರಿ. ಕೊನೆಯಲ್ಲಿ ಒಂದು ಕಾಮಾ ಜಾಸ್ತಿಯಾದರೂ ಇಡೀ ಫೈಲ್ ಓದಲು ಒಪ್ಪುವುದಿಲ್ಲ. ಸಿಟ್ಟು ಬರುತ್ತದೆ ನಿಜ, ಆದರೆ ತಪ್ಪು ದರ ಸದ್ದಿಲ್ಲದೆ ಒಳಗೆ ಸೇರುವುದಕ್ಕಿಂತ ವಾಸಿ ಅಲ್ವಾ? ಪೈಥಾನ್ ಬರೆದ ಜೇಸನ್‌ನಲ್ಲಿ ಕನ್ನಡದ ಬದಲು ಯುನಿಕೋಡ್ ಸಂಕೇತಗಳು ಕಂಡರೆ ಗಾಬರಿ ಬೇಡ, ಕೋಡ್‌ನಲ್ಲಿ ಓದಿದಾಗ ಕನ್ನಡವೇ ಸಿಗುತ್ತದೆ.

ಟ್ಯಾಗ್‌ಗಳ ನಡುವೆ ಮಾಹಿತಿ ಬರೆಯುವ ಎಕ್ಸ್‌ಎಂಎಲ್? ಡೇಟಾ ಕೊಡುವವರು ಅದನ್ನೇ ಕೊಟ್ಟರೆ ಮಾತ್ರ.