ಕೆಲ್ಟಿಕ್ ಹೆಣಿಗೆಯ ಕಡಗ: ಪ್ಯೂಟರ್ ಕೊಳ್ಳಬೇಕೋ, ಬೆಳ್ಳಿಯೋ, ಬೆಳ್ಳಿ ಲೇಪದ ಹಿತ್ತಾಳೆಯೋ

ಕೆಲ್ಟಿಕ್ ಕಡಗವೆಂದರೆ ಐರ್ಲೆಂಡ್, ಬ್ರಿಟನ್ನಿನ ಹಳೆಯ ಶೈಲಿಯಲ್ಲಿ ಎಳೆಗಳು ಒಂದರ ಮೇಲೊಂದು ಕೆಳಗೊಂದು ಹೆಣೆದುಕೊಂಡ ಚಿತ್ತಾರದ ಕಡಗ. ದಿನವೂ ಕೈಗೆ ಹಾಕಲು ನನ್ನ ಆಯ್ಕೆ ದಪ್ಪ ಎರಕದ ಪ್ಯೂಟರ್. 15 ಮಿ.ಮೀ. ಅಗಲದ, ಒಂದೇ ಬಗೆಯ ಹೆಣಿಗೆಯಿರುವ ನಾಲ್ಕು ಕಡಗಗಳನ್ನು ಸರದಿಯಂತೆ ಹಾಕಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು: ದಪ್ಪ ಪ್ಯೂಟರ್, ತೆಳು ಪ್ಯೂಟರ್, ಬೆಳ್ಳಿ ಲೇಪದ ಹಿತ್ತಾಳೆ, 925 ಬೆಳ್ಳಿ (ಶೇ. 92.5 ಬೆಳ್ಳಿಯಿರುವುದು). ನಾಲ್ಕೂ ಬಾಯಿ ತೆರೆದ ಕಡಗಗಳೇ. ಮುಚ್ಚಿದ ಬಳೆಯನ್ನು ಪ್ಯೂಟರಿನಲ್ಲಿ ಕೊಳ್ಳಲೇಬೇಡಿ, ಬಾಗಿಲ ಸಂದಿಯಲ್ಲಿ ಒಮ್ಮೆ ಒತ್ತಿದರೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಪ್ಯೂಟರ್ ಎಂದರೆ ಬಹುಪಾಲು ತವರ. ಈಗಿನ ಸೀಸವಿಲ್ಲದ ಮಿಶ್ರಣದಲ್ಲಿ ತವರ ಶೇ. 92ರ ಆಸುಪಾಸು, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಹಿತ್ತಾಳೆ ಪಾತ್ರೆಗೆ ಹೊಸದಾಗಿ ಕಲಾಯಿ ಹಾಕಿಸಿದಾಗ ಒಳಗೆ ಕಾಣುತ್ತದಲ್ಲ, ಅದೇ ಬಣ್ಣ. ಬೆಳ್ಳಿಯಷ್ಟು ಬಿಳುಪಿಲ್ಲ, ಆದರೆ ಬೆಳ್ಳಿಯಂತೆ ಗಾಳಿಗೆ ಕಪ್ಪಾಗುವುದೂ ಇಲ್ಲ.

ಹೆಣಿಗೆಗೆ ಈ ಲೋಹ ಒಗ್ಗುವುದಕ್ಕೆ ಕಾರಣವಿದೆ. ಪ್ಯೂಟರ್ 250 ಡಿಗ್ರಿಯ ಹತ್ತಿರ ಕರಗಿ ನೀರಿನಂತೆ ಹರಿಯುತ್ತದೆ, ರಬ್ಬರಿನ ಅಚ್ಚಿನಲ್ಲೇ ಎರಕ ಹೊಯ್ಯಬಹುದು. ಹಾಗಾಗಿ ಗೆರೆಗಳನ್ನು ಆಳವಾಗಿ ಇಳಿಸುವುದು ಸುಲಭ. ಒಂದು ಎಳೆ ಇನ್ನೊಂದರ ಕೆಳಗೆ ನುಗ್ಗಿ ಆಚೆ ಬರುವುದನ್ನು ಕಣ್ಣಿಗೆ ತೋರಿಸಬೇಕಾದದ್ದು ನೆರಳು. ತಗ್ಗು ಆಳವಿದ್ದು, ಅದರಲ್ಲಿ ರಾಸಾಯನಿಕದಿಂದ ತಂದ ಕಪ್ಪು ನಿಂತರೆ ಮಾತ್ರ ಹೆಣಿಗೆ ಹೆಣಿಗೆಯಾಗಿ ಕಾಣುತ್ತದೆ. ಅದೇ ಆಳವನ್ನು ಬೆಳ್ಳಿಯಲ್ಲಿ ತರಲು ಹೋದರೆ ತೂಕ ಏರುತ್ತದೆ: 140 ಮಿ.ಮೀ. ಉದ್ದ, 15 ಅಗಲ, 2.5 ದಪ್ಪದ ಪಟ್ಟಿ ಪ್ಯೂಟರಿನಲ್ಲಿ ಸುಮಾರು 38 ಗ್ರಾಂ, ಬೆಳ್ಳಿಯಲ್ಲಿ 54 ಗ್ರಾಂ. ಬೆಲೆ ಕೈಗೆಟುಕಲಿ ಎಂದು ಬೆಳ್ಳಿಯನ್ನು 1 ಮಿ.ಮೀ. ತಗಡಿಗೆ ಇಳಿಸಿ ಚಿತ್ತಾರವನ್ನು ಒತ್ತಿಬಿಡುತ್ತಾರೆ. ನನ್ನ ಕೈಲಿದ್ದ ಬೆಳ್ಳಿ ಕಡಗ ಅಂಥದ್ದೇ. ಹೊಳಪು ಚೆನ್ನ, ಎಳೆಗಳೆಲ್ಲ ಚಪ್ಪಟೆ.

ಕೆಲ್ಟಿಕ್ ಚಿತ್ತಾರಕ್ಕೂ ಪ್ಯೂಟರಿಗೂ ನಂಟು ನಿನ್ನೆ ಮೊನ್ನೆಯದಲ್ಲ. 1900ರ ಆಸುಪಾಸಿನಲ್ಲಿ ಐಲ್ ಆಫ್ ಮ್ಯಾನ್‌ನ ಆರ್ಚಿಬಾಲ್ಡ್ ನಾಕ್ಸ್ ಲಂಡನ್ನಿನ ಲಿಬರ್ಟಿ ಅಂಗಡಿಗೆ ಬರೆದುಕೊಟ್ಟ ವಿನ್ಯಾಸಗಳು ‘ಟ್ಯೂಡ್ರಿಕ್’ ಎಂಬ ಹೆಸರಿನ ಪ್ಯೂಟರ್ ಗಡಿಯಾರ, ತಟ್ಟೆ, ಹೂಜಿಗಳಾಗಿ ಮಾರಾಟವಾದವು.

ಇನ್ನು ಪ್ಯೂಟರಿನ ದೊಡ್ಡ ತೊಂದರೆ. ಅದಿರುವುದು ಕಡಗದ ಬಾಯಲ್ಲಿ.

ಎರಡು ತುದಿಗಳನ್ನು ಹಿಡಿದು ಅಗಲಿಸಿ, ಕೈ ತೂರಿಸಿ, ಮತ್ತೆ ಒತ್ತಿ ಮುಚ್ಚುವುದು ಎಲ್ಲರ ಅಭ್ಯಾಸ. ಬೆಳ್ಳಿಯಲ್ಲೂ ಹಿತ್ತಾಳೆಯಲ್ಲೂ ಇದು ಬಹಳ ಕಾಲ ನಡೆಯುತ್ತದೆ. ಆ ಲೋಹಗಳು ಬಾಗಿಸಿದಷ್ಟೂ ಗಡುಸಾಗುತ್ತವೆ, ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತವೆ. ಪ್ಯೂಟರಿಗೆ ಆ ಗುಣವಿಲ್ಲ. ಎಷ್ಟು ಬಾಗಿಸಿದರೂ ಅದು ಮೆತ್ತಗೇ ಉಳಿಯುತ್ತದೆ. ತೆರೆದರೆ ತೆರೆದಷ್ಟೇ, ಒತ್ತಿದರೆ ಒತ್ತಿದಷ್ಟೇ. ಹಾಗಾಗಿ ಹಾಕುವಾಗ ಒಂದು ಬಾಗು, ಮುಚ್ಚುವಾಗ ಒಂದು, ತೆಗೆಯುವಾಗ ಮತ್ತೆರಡು.

ಆ ಬಾಗು ಬೀಳುವುದು ಪಟ್ಟಿ ಅತಿ ತೆಳುವಿರುವ ಜಾಗದಲ್ಲಿ, ಅಂದರೆ ಎರಡು ಗಂಟುಗಳ ನಡುವೆ ಅಡ್ಡಲಾಗಿ ಹೋಗುವ ತಗ್ಗಿನಲ್ಲಿ. ಅಂಚಿನಲ್ಲಿ ಅಳೆದಾಗ 2.5 ಮಿ.ಮೀ. ಇದ್ದ ದಪ್ಪ ಕಡಗ ಆ ತಗ್ಗಿನಲ್ಲಿ 1.5 ಇತ್ತು, ತೆಳುವಿನದು 1 ಮಿ.ಮೀ. ಕೂಡ ಇರಲಿಲ್ಲ. ಹೀಗೆ ಬಾಗಿ ಬಾಗಿ ಮುರಿಯುವ ಮುಂಚೆ ಕಾಣುವ ಮೊದಲ ಗುರುತು ತಗ್ಗಿನ ಕಪ್ಪಿನ ನಡುವೆ ಕೂದಲೆಳೆಯಂಥ ಬಿಳಿ ಗೆರೆ. ಕಪ್ಪು ಉದುರಿದೆ ಎಂದುಕೊಳ್ಳಬೇಡಿ. ಉಗುರು ಆಡಿಸಿ ನೋಡಿ, ತಡೆದರೆ ಅದು ಬಿರುಕು. ತೆಳು ಕಡಗ ಹೀಗೆಯೇ ಮುರಿಯಿತು, ತುದಿಯಿಂದ ಮೂರನೆಯ ಗಂಟಿನ ಪಕ್ಕದಲ್ಲಿ. ಅಂಗಡಿಯ ಚೀಟಿಯಲ್ಲಿ ‘ಯಾವ ಕೈಗಾದರೂ ಹೊಂದಿಸಿಕೊಳ್ಳಬಹುದು’ ಎಂದಷ್ಟೇ ಇತ್ತು, ಒಂದೇ ಸಲ ಎಂದು ಬರೆದಿರಲಿಲ್ಲ.

ಬಾಗಿಸದೆ ಹಾಕುವ ಕ್ರಮ ಹೀಗೆ. ಮಣಿಕಟ್ಟಿನ ಗುಬುಟಿಗಿಂತ 2–3 ಸೆಂ.ಮೀ. ಮೇಲೆ, ಮೊಣಕೈ ಕಡೆಗೆ, ಮಾಂಸ ಮೆತ್ತಗಿರುವ ಜಾಗ ಹುಡುಕಿ. ಕೈಯ ಅಗಲವಾದ ಮುಖವನ್ನಲ್ಲ, ತೆಳುವಾದ ಪಕ್ಕವನ್ನು ಕಡಗದ ಬಾಯಿಗೆ ಕೊಡಿ. ಒಂದು ತುದಿಯನ್ನು ಒಳಗೈ ಕಡೆ ಮಾಂಸಕ್ಕೆ ಒತ್ತಿ ಹಿಡಿದು, ಕಡಗವನ್ನು ಹೊರಳಿಸುತ್ತಾ ಇನ್ನೊಂದು ತುದಿಯನ್ನು ದಾಟಿಸಿ. ಆಮೇಲೆ ತಿರುಗಿಸಿ ಮಣಿಕಟ್ಟಿಗೆ ಇಳಿಸಿ. ಒತ್ತುವುದು ಮಾಂಸವನ್ನು, ಲೋಹವನ್ನಲ್ಲ. ತೆಗೆಯುವಾಗ ಇದೇ ದಾರಿಯಲ್ಲಿ ಹಿಂದಕ್ಕೆ.

ಇದು ಸಾಧ್ಯವಾಗಬೇಕಾದರೆ ಅಳತೆ ಸರಿಯಿರಬೇಕು. ಪಟ್ಟಿಯ ಉದ್ದ ಮತ್ತು ಬಾಯಿ ಸೇರಿದರೆ ಮಣಿಕಟ್ಟಿನ ಸುತ್ತಳತೆಗಿಂತ 10–15 ಮಿ.ಮೀ. ಹೆಚ್ಚು ಬರಬೇಕು. 155 ಮಿ.ಮೀ. ಮಣಿಕಟ್ಟಿಗೆ 140 ಪಟ್ಟಿ, 28 ಬಾಯಿ ಸರಿಹೋಗುತ್ತದೆ. ಬಾಯಿ 35 ದಾಟಿದರೆ ಕೈ ಬೀಸುವಾಗ ಕಡಗ ಜಾರಿ ಬೀಳುತ್ತದೆ. ಹೊಸದನ್ನು ಒಮ್ಮೆ ಸರಿಪಡಿಸಲೇಬೇಕಾದರೆ ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡಿಗೆ ಹಳೆಯ ಬನಿಯನ್ ಸುತ್ತಿ, ಕಡಗವನ್ನು ಅದರ ಮೇಲಿಟ್ಟು, ತುದಿಯಿಂದ ಹಿಂಬದಿಯತ್ತ ಒಂದೊಂದು ಸೆಂಟಿಮೀಟರಿಗೆ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪ ಒತ್ತುತ್ತಾ ಬನ್ನಿ. ಬಾಗು ಹತ್ತು ಕಡೆ ಹಂಚಿಹೋಗಬೇಕು. ಆಮೇಲೆ ಮುಟ್ಟಬೇಡಿ.

ಮುರಿದರೆ ನಮ್ಮ ಅಕ್ಕಸಾಲಿಗರ ಹತ್ತಿರ ಒಯ್ಯುವುದರಿಂದ ಪ್ರಯೋಜನವಿಲ್ಲ. ಬೆಳ್ಳಿಯ ಬೆಸುಗೆ ಕರಗುವುದು 600 ಡಿಗ್ರಿ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಕಡಗವೇ ಕರಗಿ ಗುಂಡಾಗಿರುತ್ತದೆ. ತವರ–ಬಿಸ್ಮತ್ ಬೆಸುಗೆ 138 ಡಿಗ್ರಿಗೆ ಕರಗುತ್ತದೆ, ಅದನ್ನು ಬಳಸುವವರೇ ಬೇಕು. ಇನ್ನೊಂದು ಅಪಾಯವೂ ಇದೆ: ಪ್ಯೂಟರಿನ ಅರದ ಪುಡಿ ಬೆಳ್ಳಿ ಒಡವೆಗೆ ಅಂಟಿಕೊಂಡು ಬೆಂಕಿಗೆ ಹೋದರೆ ಬೆಳ್ಳಿಯಲ್ಲಿ ಗುಳಿ ಬೀಳುತ್ತದೆ. ಅದಕ್ಕೇ ತಿಳಿದವರು ಪ್ಯೂಟರಿಗೆ ಬೇರೆಯೇ ಅರ ಇಟ್ಟಿರುತ್ತಾರೆ.

ಇಷ್ಟೆಲ್ಲ ಹೇಳಿಯೂ ಲೇಪದ ಹಿತ್ತಾಳೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ತುದಿಗಳಲ್ಲೂ ಮೇಜಿಗೆ ಉಜ್ಜುವ ಅಂಚಿನಲ್ಲೂ ಲೇಪ ಮೊದಲು ಸವೆದು ಹಳದಿ ಗೆರೆ ಇಣುಕುತ್ತದೆ, ಬೆವರಿಗೆ ಚರ್ಮ ಹಸಿರಾಗುತ್ತದೆ. ಲೇಪದ ಕೆಳಗೆ ನಿಕಲ್ ಪದರ ಇರುವುದೂ ಉಂಟು, ನವೆಯಾಗುವವರಿಗೆ ಅದು ಆಗಿಬರುವುದಿಲ್ಲ. ಮೇಲೆ ಹೇಳಿದ ಪ್ಯೂಟರ್ ಮಿಶ್ರಣದಲ್ಲಿ ನಿಕಲ್ ಇಲ್ಲ.

ಕಂಚನ್ನು ನಾನು ಹಾಕಿ ನೋಡಿಲ್ಲ. ಹಳೆಯದಕ್ಕೆ ಹತ್ತಿರವಿರಬೇಕು ಎನ್ನುವವರಿಗೆ ಅದೇ ಸರಿ: ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಸಿಕ್ಕಿರುವ ಕ್ರಿ.ಶ. 1–2ನೇ ಶತಮಾನದ ದೊಡ್ಡ ತೋಳಬಳೆಗಳು ಕಂಚಿನವು.

ಕೊಳ್ಳುವ ಮುಂಚೆ ಒಂದು ಎಳೆಯ ಮೇಲೆ ಸೂಜಿಯ ಮೊನೆ ಇಟ್ಟು ಸಾಗಿಸಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ತಪ್ಪದೆ ಹೋಗಬೇಕು. ತುದಿ ಮುಟ್ಟಿದಾಗ ಎಳೆ ತುಂಡಾಗದೆ ಹೊರಳಿ ವಾಪಸು ಬರಬೇಕು. ಚುಕ್ಕಿಗಳ ಸುತ್ತ ಎಳೆ ಸುತ್ತುವ ರಂಗೋಲಿ ಹಾಕುವವರ ಕಣ್ಣಿಗೆ ಈ ತಪ್ಪು ತಕ್ಷಣ ಬೀಳುತ್ತದೆ. ಎರಡು ಸಲ ಒಟ್ಟೊಟ್ಟಿಗೆ ‘ಮೇಲೆ’ ಬಂದರೆ, ತಗ್ಗುಗಳು ಮೊಂಡಾಗಿದ್ದರೆ, ಅದು ಕಡಗದಿಂದಲೇ ಅಚ್ಚು ತೆಗೆದು ಮಾಡಿದ ನಕಲಿನ ನಕಲು ಇರಬಹುದು. ಅಂಥದ್ದರಲ್ಲಿ ಆಳದ ಬದಲು ಕಪ್ಪು ಬಣ್ಣ ಬಳಿದಿರುತ್ತಾರೆ. ನೇಲ್ ಪಾಲಿಶ್ ರಿಮೂವರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಬಣ್ಣ ಬಿಟ್ಟುಕೊಳ್ಳುತ್ತದೆ, ರಾಸಾಯನಿಕದಿಂದ ಬಂದ ಕಪ್ಪು ಬಿಡುವುದಿಲ್ಲ.

ಜೊತೆಗೆ ಬರುವ ಚೀಟಿಯ ‘ಪ್ರಾಚೀನ ಕೆಲ್ಟ್ ಜನರಲ್ಲಿ ಈ ಗಂಟಿಗೆ ಈ ಅರ್ಥ’ ಎಂಬ ಮಾತನ್ನು ನೋಡಿ ಹೆಚ್ಚು ಹಣ ಕೊಡಬೇಡಿ. ಹೆಣಿಗೆ ಐರ್ಲೆಂಡ್, ಬ್ರಿಟನ್ನಿನ ಹಸ್ತಪ್ರತಿಗಳಲ್ಲಿ ಬೆಳೆದದ್ದು 7ನೇ ಶತಮಾನದಿಂದ, ಕ್ರೈಸ್ತ ಮಠಗಳಲ್ಲಿ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಶಿಲಾಯುಗದ ಗೋರಿಯಲ್ಲಿರುವ ಮೂರು ಸುರುಳಿಯಂತೂ ಕ್ರಿ.ಪೂ. 3200ರ ಸುಮಾರಿನದು, ಕೆಲ್ಟರಿಗಿಂತ ಬಹಳ ಹಿಂದಿನದು.

ಸೀಸವಿಲ್ಲ ಎಂದು ಬರೆದದ್ದನ್ನೇ ಕೊಳ್ಳಿ. ಯುರೋಪಿನ ಒಕ್ಕೂಟದಲ್ಲಿ ಒಡವೆಯ ಸೀಸದ ಮಿತಿ ತೂಕದ ಶೇ. 0.05. ಹಳೆಯ ಕಡಗವಾದರೆ ಒಳಮೈಯನ್ನು ಬಿಳಿ ಕಾಗದಕ್ಕೆ ಉಜ್ಜಿ. ಪೆನ್ಸಿಲಿನಂಥ ಗೆರೆ ಮೂಡಿದರೆ ಸೀಸ ಹೆಚ್ಚಿದೆ ಎಂದೇ ತಿಳಿಯಿರಿ. ಮೂಡದಿದ್ದರೆ ಸೀಸವೇ ಇಲ್ಲ ಎಂದು ಮಾತ್ರ ಅರ್ಥವಲ್ಲ.

ತೊಳೆಯಲು ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಹುಣಸೆಹಣ್ಣು, ನಿಂಬೆ ಬೇಡ, ತಗ್ಗಿನ ಕಪ್ಪು ಹೋಗುತ್ತದೆ. ಹಲ್ಲುಪುಡಿ ಎಳೆಗಳ ನೆತ್ತಿಯನ್ನೇ ಸವೆಸುತ್ತದೆ. ಬಿದರಿಗೆ ಹಚ್ಚುವಂತೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಬೇಡಿ, ಧೂಳು ಹಿಡಿಯುತ್ತದೆ.

ನನ್ನ ಮಿತಿ 50 ಯೂರೋ. ಬೆಳಿಗ್ಗೆ ಹಾಕಿ ರಾತ್ರಿ ತೆಗೆಯುವ ಅಭ್ಯಾಸ, ಹೊರಳಿಸಿ ಹಾಕುವ ತಾಳ್ಮೆಯಿದೆ. ಅದಕ್ಕೇ ದಪ್ಪ ಪ್ಯೂಟರ್. ಅವಸರದಲ್ಲಿ ಎಳೆದು ಹಾಕುವ ಕೈಯಾದರೆ ಚಪ್ಪಟೆಯಾದರೂ ಸರಿ, ಬೆಳ್ಳಿಯನ್ನೇ ಕೊಳ್ಳಿ. ಪ್ಯೂಟರೇ ಬೇಕೆಂದರೆ ಮಾರುವವರಿಗೆ ಕೇಳಬೇಕಾದ ಅಳತೆ ಒಂದೇ: ಅತಿ ಆಳದ ತಗ್ಗಿನಲ್ಲಿ ಉಳಿದಿರುವ ದಪ್ಪ ಎಷ್ಟು? 1.5 ಮಿ.ಮೀ.ಗಿಂತ ಕಡಿಮೆಯಾದರೆ ಬೇಡ.