ಹೈಡ್ರೇಂಜಿಯಾ ಸವರಲು ಫೆಲ್ಕೊ 2 ಕತ್ತರಿ ಹೇಗಿದೆ?

ಹೈಡ್ರೇಂಜಿಯಾದ ರೆಂಬೆ ಹೊರಗೆ ಗಟ್ಟಿ, ಒಳಗೆ ಬೆಂಡು. ಒಂದೇ ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಆನ್ವಿಲ್ ಕತ್ತರಿ ಹಾಕಿದರೆ ರೆಂಬೆ ಜಜ್ಜಿಹೋಗುತ್ತದೆ, ಜಜ್ಜಿದ ತುದಿ ಒಣಗುತ್ತಾ ಕೆಳಗಿಳಿದು ಮೊಗ್ಗನ್ನೂ ಕೆಡಿಸಬಹುದು. ಅಲಗು ಕೊಕ್ಕೆಯ ಪಕ್ಕದಿಂದ ಜಾರಿ ಹೋಗುವ ಬೈಪಾಸ್ ಕತ್ತರಿಯೇ ಇದಕ್ಕೆ ಸರಿ. ಸ್ವಿಟ್ಜರ್‌ಲೆಂಡಿನ ಫೆಲ್ಕೊ 2 ಆ ಬಗೆಯದು: ಉದ್ದ 215 ಮಿ.ಮೀ., ತೂಕ 240 ಗ್ರಾಂ, 25 ಮಿ.ಮೀ. ದಪ್ಪದವರೆಗೆ ಕತ್ತರಿಸುತ್ತದೆ.

ಮನೆಮುಂದಿನ ಪೊದೆಗೆ ಇಷ್ಟು ಧಾರಾಳ ಸಾಕು. ವಯಸ್ಸಾದ ಪ್ಯಾನಿಕ್ಯುಲಾಟಾ ಜಾತಿಯ ಹೈಡ್ರೇಂಜಿಯಾದ ಬುಡ ಅದಕ್ಕಿಂತ ದಪ್ಪವಿದ್ದರೆ ಗರಗಸ ಹಿಡಿಯಿರಿ. ಕತ್ತರಿಯನ್ನೇ ತಿರುಚಿ ಮುರಿಯಲು ಹೋದರೆ ಅಲಗು ಮತ್ತು ಕೊಕ್ಕೆಯ ನಡುವೆ ಸಂದು ಬಿದ್ದು, ಮುಂದಿನ ಕಡಿತದಲ್ಲಿ ತೊಗಟೆ ಸುಲಿಯುತ್ತದೆ. ಸಂದು ಸಣ್ಣದಿದ್ದರೆ ನಡುವಿನ ನಟ್ ಬಿಗಿ ಮಾಡಿದರೆ ಸರಿಹೋಗುತ್ತದೆ.

ಹಿಡಿಯುವ ಬಗೆ ಮುಖ್ಯ. ತೆಳ್ಳನೆಯ ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗಿರಬೇಕು, ದಪ್ಪ ಕೊಕ್ಕೆ ಎಸೆಯುವ ತುಂಡಿನ ಕಡೆಗೆ. ಉಬ್ಬಿದ ಮೊಗ್ಗುಜೋಡಿಯ ಮೇಲೆ ಸುಮಾರು ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ.

ಹೂ ಬರಲಿಲ್ಲವೆಂದರೆ ತಪ್ಪು ಕತ್ತರಿಯದಲ್ಲ, ಹೊತ್ತಿನದು. ದೊಡ್ಡ ಎಲೆಯ ಮ್ಯಾಕ್ರೊಫಿಲ್ಲಾ ಜಾತಿ ಮುಂದಿನ ವರ್ಷದ ಹೂಮೊಗ್ಗನ್ನು ಬೇಸಿಗೆಯ ಕೊನೆಗೇ ಕಟ್ಟಿಕೊಳ್ಳಲು ಶುರುಮಾಡುತ್ತದೆ. ಅದನ್ನು ಚಳಿಗಾಲದಲ್ಲಿ ಬೇಲಿಯ ಹಾಗೆ ಗುಂಡಗೆ ಸವರಿದರೆ ಬರುವುದು ಬರೀ ಎಲೆ. ಚಳಿ ಕಳೆಯುವಾಗ ಒಣಗಿದ ಹೂಗೊಂಚಲನ್ನು ಮೊದಲ ದಪ್ಪ ಮೊಗ್ಗಿನವರೆಗೆ ತೆಗೆಯಿರಿ, ಪೊದೆ ಇಕ್ಕಟ್ಟಾಗಿದ್ದರೆ ತೀರಾ ಹಳೆಯ ಒಂದೆರಡು ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಅಷ್ಟೇ. ಪ್ಯಾನಿಕ್ಯುಲಾಟಾ ಮತ್ತು ಆರ್ಬೊರೆಸೆನ್ಸ್ ಜಾತಿಗಳು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಚಳಿಗಾಲದ ಕೊನೆಗೆ ಧೈರ್ಯವಾಗಿ ಸವರಬಹುದು. ಪ್ಯಾನಿಕ್ಯುಲಾಟಾದ ಹಿಂದಿನ ವರ್ಷದ ರೆಂಬೆಯಲ್ಲಿ ಎರಡು ಮೂರು ಮೊಗ್ಗುಜೋಡಿ ಉಳಿಸಿ. ಆರ್ಬೊರೆಸೆನ್ಸನ್ನು ಪೂರ್ತಿ ನೆಲಕ್ಕೆ ಕತ್ತರಿಸುವವರಿದ್ದಾರೆ. ಆಗ ಏಳುವ ತೆಳ್ಳನೆಯ ಕಾಂಡಗಳು ಮಳೆ ನೀರು ಹೊತ್ತ ಹೂವಿನ ಭಾರಕ್ಕೆ ಮಲಗಿಬಿಡುತ್ತವೆ. 30ರಿಂದ 45 ಸೆಂ.ಮೀ. ಬಿಡುವುದು ವಾಸಿ.

ಈ ಕತ್ತರಿಯ ದೊಡ್ಡ ಗುಣ ಬಿಡಿಭಾಗ. ಅಲಗು, ಸ್ಪ್ರಿಂಗ್, ನಟ್ ಎಲ್ಲವೂ ಬೇರೆಬೇರೆ ಸಿಗುತ್ತವೆ, ಮೊಂಡಾಯಿತೆಂದು ಎಸೆಯುವ ಪ್ರಮೇಯವಿಲ್ಲ. ಸಾಣೆಯನ್ನು ಇಳಿಜಾರಿರುವ ಬದಿಗೆ ಮಾತ್ರ ಹಿಡಿಯಿರಿ, ಚಪ್ಪಟೆ ಬದಿಯಲ್ಲಿ ಎದ್ದ ಲೋಹದ ಸಣ್ಣ ಮುಳ್ಳನ್ನು ಸಾಣೆಯಿಂದ ಒಮ್ಮೆ ಉಜ್ಜಿದರೆ ಸಾಕು. ರೋಗದ ಗಿಡ ಮುಟ್ಟಿದ್ದರೆ ಶೇ. 70ರ ಆಲ್ಕೋಹಾಲಿನಲ್ಲಿ ಒರೆಸದೆ ಮುಂದಿನದಕ್ಕೆ ಹೋಗಬೇಡಿ.

ಕೊರತೆಯೂ ಇದೆ. ಬಾಯಿ ಅಗಲ, ಸಣ್ಣ ಕೈಗೆ ಬೇಗ ಆಯಾಸ. ಅಂಥವರಿಗೆ ಫೆಲ್ಕೊ 6 ಇದೆ. ಒಂದೇ ಗಿಡ ಇಟ್ಟುಕೊಂಡವರಿಗೆ ಇಷ್ಟು ದುಬಾರಿಯದು ಬೇಕಿಲ್ಲ, ಹರಿತವಾದ ಸಾಧಾರಣ ಬೈಪಾಸ್ ಸಾಕು. ಎಡಗೈಯವರು ಫೆಲ್ಕೊ 9 ನೋಡಿ: ಬಲಗೈಯ ಕತ್ತರಿ ಎಡಗೈಗೆ ಬಂದರೆ ಕತ್ತರಿಸುವ ಜಾಗ ಕಣ್ಣಿಗೆ ಮರೆಯಾಗಿ ಪ್ರತಿ ಮೊಗ್ಗಿನ ಮೇಲೂ ಮೋಟು ಉಳಿಯುತ್ತದೆ.