ಫೋಮ್ ಇಯರ್‌ಪ್ಲಗ್: ಮಗ್ಗದ ಶೆಡ್ಡಲ್ಲಿ 4 ವರ್ಷ ಹಾಕ್ಕೊಂಡ ಮೇಲೆ

ದೊಡ್ಡಬಳ್ಳಾಪುರದಲ್ಲಿ ನಮ್ದು 6 ಪವರ್‌ಲೂಮಿನ ಶೆಡ್ಡು, ಮನೆ ಹಿಂದೇನೇ. ಕರೆಂಟ್ ಹೋಗಿ ಮಗ್ಗ ನಿಂತ್ರೆ ನಿದ್ದೆಯಿಂದ ಎಚ್ಚರ ಆಗೋ ಜನ ನಾವು, ಸದ್ದಿಗೆ ಅಷ್ಟು ಒಗ್ಗಿ ಹೋಗಿದೀವಿ. ಅದಕ್ಕೇ ಕಿವಿಗೆ ಏನಾದ್ರೂ ಹಾಕ್ಕೋಬೇಕು ಅಂತ ಯಾರಿಗೂ ಹೊಳೆದಿರ್ಲಿಲ್ಲ, ಅಪ್ಪನ್ನ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋಗೋವರ್ಗೂ. ಅಲ್ಲಿ ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಗ್ರಾಫ್, ತೋರಿಸಿದ್ರು, ಗೆರೆ ನೆಟ್ಟಗೆ ಬಂದು 4000 ಹರ್ಟ್ಸ್ ಹತ್ರ ಗುಂಡಿಗೆ ಬಿದ್ದಂಗೆ ಇಳಿದಿತ್ತು. ನಾವು ಹೇಳೋಕೆ ಮುಂಚೇನೇ "ಸದ್ದಿನ ಜಾಗದಲ್ಲಿ ಕೆಲ್ಸಾನಾ?" ಅಂದ್ರು. ಒಳಕಿವೀಲಿರೋ ಸಣ್ಣ ಕೂದಲಿನ ಕೋಶಗಳು ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ವಂತೆ. ಅಪ್ಪಂಗೆ ಧ್ವನಿ ಕೇಳುತ್ತೆ, ಆದ್ರೆ ಸ, ಶ ತರದ ಅಕ್ಷರ ಜಾರಿ ಹೋಗುತ್ತೆ. ಅಮ್ಮ "ಸಾರು" ಅಂದ್ರೆ "ಯಾರು" ಅಂತ ಕೇಳಿಸ್ಕೊಂಡು ಬಾಗಿಲ ಕಡೆ ನೋಡ್ತಾರೆ.

ಬಂದೋನೇ ಫೋಮ್ ಪ್ಲಗ್ ಒಂದು ಬಾಕ್ಸ್ ತರ್ಸಿದೆ. ಮೊದಲ ವಾರ ದುಡ್ಡು ದಂಡ ಅಂತಾನೇ ಅನ್ಕೊಂಡಿದ್ದೆ, ಯಾಕಂದ್ರೆ ಹತ್ತಿ ತುರುಕಿದಂಗೆ ಸುಮ್ನೆ ಒತ್ತಿ ಬಿಡ್ತಿದ್ದೆ, ಅರ್ಧ ಹೊರಗೇ ನಿಂತಿರೋದು. ಹಾಕೋ ರೀತಿ ಬೇರೆ ಇದೆ. ಊದುಬತ್ತಿ ಹೊಸೆದಂಗೆ ಬೆರಳಲ್ಲಿ ತೆಳ್ಳಗೆ ಉರುಳಿಸ್ಬೇಕು, ಸುಕ್ಕು ಬೀಳಬಾರ್ದು, ಇನ್ನೊಂದು ಕೈನ ತಲೆ ಮೇಲಿಂದ ತಂದು ಕಿವೀನ ಮೇಲಕ್ಕೂ ಹಿಂದಕ್ಕೂ ಎಳೆದು ಹಿಡೀಬೇಕು, ಆಗ ದಾರಿ ನೆಟ್ಟಗಾಗುತ್ತೆ, ಆವಾಗ ಒಳಗೆ ಬಿಟ್ಟು ಅದು ಉಬ್ಬೋವರ್ಗೂ ಒಂದು 30 ಸೆಕೆಂಡ್ ಬೆರಳು ತೆಗೀಬಾರ್ದು. ಸರಿಯಾಗಿ ಕೂತ್ರೆ ನಿಮ್ಮ ಧ್ವನಿ ನಿಮಗೇ ಬಿಂದಿಗೆಯೊಳಗಿಂದ ಬಂದಂಗೆ ಕೇಳುತ್ತೆ.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗಿಸುತ್ತೆ ಅನ್ನೋ ರೇಟಿಂಗ್) 33 ಅಂತ ಇದೆ, ಅಂದ್ರೆ 33 ಡೆಸಿಬಲ್ ಕಮ್ಮಿ ಆಗುತ್ತೆ ಅಂತಲ್ಲ, ಅದು ಲ್ಯಾಬ್ ಲೆಕ್ಕ. 7 ಕಳೆದು ಅರ್ಧ ಮಾಡಿ ಅಂತಾರೆ, ಉಳಿಯೋದು 13. ನಮ್ಮ ಶೆಡ್ಡಲ್ಲಿ ಫೋನ್ ಆ್ಯಪ್ ತೋರಿಸಿದ್ದು ಸುಮಾರು 97. ಕಿವಿಗೆ ತೊಂದ್ರೆ ಆಗ್ದಂಗೆ 85ಕ್ಕೆ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಟೈಮ್ ಅರ್ಧ, ಹಂಗೆ ಇಳಿಸ್ತಾ ಬಂದ್ರೆ 97ಕ್ಕೆ ಬರೀ ಅರ್ಧ ಗಂಟೆ! ನಾವು ನಿಲ್ಲೋದು 10 ಗಂಟೆ. ಪ್ಲಗ್ ಹಾಕಿದ್ರೆ 84, ಅಂದ್ರೆ ಹೆಚ್ಚುಕಮ್ಮಿ ಆ 10 ಗಂಟೆಗೆ ಸರಿಹೋಗುತ್ತೆ, ಅಷ್ಟೇ, ಅದಕ್ಕಿಂತ ಜಾಸ್ತಿ ಏನೂ ಮಿಗಲ್ಲ. ಅದೂ ಪೂರ್ತಿ ಹೊತ್ತು ಹಾಕಿದ್ರೆ ಮಾತ್ರ, ಟೀಗೆ ತೆಗೆದು ಮತ್ತೆ ಹಾಕೋದು ಮರೆತ್ರೆ ಲೆಕ್ಕ ಎಲ್ಲ ಹೊಳೇಲಿ ಹುಣಸೇಹಣ್ಣು.

ನೇಕಾರರು ಹೇಳೋ ತಕರಾರು ಒಂದೇ, "ಕಿವಿ ಮುಚ್ಕೊಂಡ್ರೆ ಮಗ್ಗದ ಸದ್ದು ಹೆಂಗೆ ಗೊತ್ತಾಗ್ಬೇಕು?" ನಂಗೂ ಅದೇ ಭಯ ಇತ್ತು, ಲಾಳಿ ಬಡಿಯೋ ತಾಳ ಸ್ವಲ್ಪ ತಪ್ಪಿದ್ರೂ ನಾವು ಕಿವೀಲೇ ಹಿಡಿಯೋದು. ನನ್ನ ಅನುಭವ ಉಲ್ಟಾ. ಎಲ್ಲಾ ಸದ್ದೂ ಒಟ್ಟಿಗೆ ತಗ್ಗೋದ್ರಿಂದ 4ನೇ ಮಗ್ಗದ ಪಿಕ್ಕಿಂಗ್ ಕೋಲು (ಲಾಳಿನ ಹೊಡೆದು ಓಡಿಸೋದು) ಸಡಿಲ ಆಗಿದ್ದು ಮೊದಲಿಗಿಂತ ಬೇಗ ಗೊತ್ತಾಯ್ತು. ಅಪ್ಪಂಗೆ ಮಾತ್ರ ಇದು ಆಗ್ಬರಲಿಲ್ಲ, ಕಿವಿ ಮೊದ್ಲೇ ಮಂದ ಆಗಿರೋರಿಗೆ ಪ್ಲಗ್ ಹಾಕಿದ್ರೆ ಬೇಕಾದ ಸದ್ದೂ ಹೋಗ್ಬಿಡುತ್ತೆ. ಅವ್ರು ಈಗ ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತೋ ರೂಮಲ್ಲಿ ಕೂರ್ತಾರೆ.

ಹೆಡ್‌ಫೋನ್ ತರ ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಕೂಡ ಒಂದು ತಗೊಂಡಿದ್ದೆ, ಚೆನ್ನಾಗೇ ಕೆಲ್ಸ ಮಾಡುತ್ತೆ, ಆದ್ರೆ ಏಪ್ರಿಲ್‌ನಲ್ಲಿ ಬೆವರಿಗೆ ಕಿವಿ ಬೆಂದು ಹೋಗುತ್ತೆ. ಈಗ ಗೋಡೆ ಮೊಳೆಗೆ ನೇತಾಕಿದೀನಿ, ಯಾರಾದ್ರೂ ಒಳಗೆ ಬಂದ್ರೆ ಕೊಡೋಕೆ.

ಕಿರಿಕಿರಿನೂ ಇದೆ. ಎರಡನೇ ವರ್ಷ ಕಿವಿ ವಿಪರೀತ ನವೆ ಬಂತು, ತಪ್ಪು ನಂದೇ, ಮಗ್ಗಕ್ಕೆ ಎಣ್ಣೆ ಬಿಟ್ಟ ಕೈಯಲ್ಲೇ ಪ್ಲಗ್ ಹೊಸೀತಿದ್ದೆ, ಒಂದೇ ಜೊತೇನ ವಾರಗಟ್ಲೆ ಹಾಕ್ತಿದ್ದೆ. ಡಾಕ್ಟ್ರು ಡ್ರಾಪ್ಸ್ ಕೊಟ್ರು, ಜೊತೆಗೆ ಬಡ್ಸ್ ಹಾಕ್ಬೇಡ, ಗುಗ್ಗೆ ತಾನಾಗೇ ಹೊರಗೆ ಬರುತ್ತೆ, ನೀನು ಬಡ್ಸಲ್ಲಿ ಇನ್ನೂ ಒಳಕ್ಕೆ ತಳ್ತಿದೀಯ ಅಂತ ಬೈದ್ರು. ಅಜ್ಜಿ ಹೇಳೋ ಬಿಸಿ ಕೊಬ್ಬರಿ ಎಣ್ಣೆನೂ ಬಂದ್. ಈಗ ಸೋಪಲ್ಲಿ ಕೈ ತೊಳೆದೇ ಹೊಸೆಯೋದು, ಗಟ್ಟಿ ಆದ್ರೆ ಅಥ್ವಾ ಕೊಳೆ ಕಂಡ್ರೆ ಬಿಸಾಕೋದು.

ಸ್ಟಾರ್ 4. ಒಂದು ಕಟ್ ಮಾಡಿದ್ದು ದಾರ ಇಲ್ದೇ ಇರೋ ಮಾಡೆಲ್‌ಗೆ, ಬಗ್ಗಿದಾಗ ಕಿವಿಯಿಂದ ಜಾರಿ ಹಾಸಿನ ನೂಲಿನೊಳಗೆ ಬಿದ್ದು 11 ಎಳೆ ಕಡಿದಿತ್ತು, ಗಂಟು ಹಾಕೋಕೆ ಅರ್ಧ ಬೆಳಿಗ್ಗೆ ಹೋಯ್ತು. ನೀಲಿ ದಾರ ಇರೋದೇ ತಗೊಳ್ಳಿ, ಒಂದು ಜೊತೆಗೆ 3-4 ರೂಪಾಯಿ ಜಾಸ್ತಿ ಅಷ್ಟೇ. ದಾರಾನ ಕತ್ತಿನ ಹಿಂದೆ ಬಿಟ್ಕೊಳ್ಳಿ, ಮುಂದೆ ಬಿಟ್ರೆ ಮಗ್ಗ ಎಳ್ಕೊಂಡ್ಬಿಡುತ್ತೆ.